ಹದಿನಾರರ ಸಾರಥಿ

ಎತ್ತಿನ ಬಂಡಿಯ ಕಾಲದಲ್ಲಿ ವಯಸ್ಸಿನ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಕೈ ಬಾರುಕೋಲು ಹಿಡಿಯುವಷ್ಟು ಬಲಿತರೆ ಸಾಕು, ಹುಡುಗನು ಬಂಡಿ ಹೊಡೆಯಲು ಯೋಗ್ಯನೆಂದು ಮನೆಯವರೂ ಊರವರೂ ಒಪ್ಪಿಬಿಡುತ್ತಿದ್ದರು. ಬೋನಾಳದಿಂದ ಜೋಳದ ಚೀಲ ಹೇರಿಕೊಂಡು ಸುರಪುರದ ಸಂತೆಗೆ ಹೊರಟ ಬಂಡಿಯ ಮೂಕಿಯ ಮೇಲೆ ಹನ್ನೆರಡು ವರ್ಷದ ಬಾಲಕನು ಕುಳಿತಿದ್ದರೆ ಅದನ್ನು ಅಚ್ಚರಿಯಿಂದ ನೋಡುವವರಿರಲಿಲ್ಲ. ನಾನೂ ಹಾಗೆ ಕುಳಿತವನೇ. ಎಷ್ಟೋ ಸಲ ಮರಳಿ ಬರುವಾಗ ನಿದ್ದೆ ಹತ್ತಿ, ಕಣ್ಣು ತೆರೆಯುವ ಹೊತ್ತಿಗೆ ಬಂಡಿಯು ನಮ್ಮ ಮನೆಯ ಮುಂದೆಯೇ ನಿಂತಿರುತ್ತಿತ್ತು. ಆ ಬಂಡಿಯಲ್ಲಿ ಬುದ್ಧಿಯುಳ್ಳ ಜೀವಗಳು ಮೂರಿದ್ದವು. ಅವುಗಳಲ್ಲಿ ಹುಡುಗನೇ ಎಲ್ಲರಿಗಿಂತ ಕಿರಿಯನು. ಎತ್ತುಗಳಿಗೆ ದಾರಿ ಗೊತ್ತಿತ್ತು, ತಗ್ಗು ಗೊತ್ತಿತ್ತು. ಎದುರಿಗೆ ಮಗುವೊಂದು ಬಂದರೆ ತಾವಾಗಿಯೇ ನಿಲ್ಲುವ ವಿವೇಕವೂ ಇತ್ತು.

ಈಗ ಆ ಕಾಲ ಸರಿದಿದೆ. ಸುರಪುರದ ನಾಯಕ ಅರಸರು ಕಟ್ಟಿಸಿದ ನಮ್ಮೂರಿನ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಬಂದಿಳಿಯುವುದು ಮಾತ್ರ ಹಾಗೆಯೇ ಇದೆ. ಉಳಿದದ್ದು ಬಹಳ ಬದಲಾಗಿದೆ. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಬಂದ ಮೇಲೆ ಜೋಳ ತೊಗರಿಗಳ ಸೀಮೆಯಲ್ಲಿ ಭತ್ತವೂ ತಲೆದೂಗಿತು. ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಬಳಿಸಿಕೊಳ್ಳುತ್ತಿದ್ದ ಎತ್ತುಗಳ ಜಾಗದಲ್ಲಿ ಎಷ್ಟೋ ಮನೆಗಳಲ್ಲಿ ಟ್ರ್ಯಾಕ್ಟರು ನಿಂತಿದೆ. ಆದರೆ ಹಳೆಯ ರೂಢಿ ಮಾತ್ರ ಎತ್ತುಗಳೊಡನೆ ಹೋಗಲಿಲ್ಲ. ಬಾರುಕೋಲು ಹಿಡಿಯುತ್ತಿದ್ದ ವಯಸ್ಸಿನ ಕೈಗೇ ನಾವು ಸ್ಟಿಯರಿಂಗನ್ನು ಕೊಟ್ಟಿದ್ದೇವೆ.

ಈ ಮಾತು ನಮ್ಮ ಮನೆಯಲ್ಲಿಯೇ ಒಂದು ಸುಗ್ಗಿಯಲ್ಲಿ ಪ್ರಶ್ನೆಯಾಗಿ ಎದ್ದಿತು. ನನ್ನ ಅಣ್ಣನು ಸೊಂಟದ ನೋವಿನಿಂದ ಹಾಸಿಗೆ ಹಿಡಿದಿದ್ದನು. ಭತ್ತದ ರಾಶಿಯಾಗಿ ಚೀಲ ತುಂಬಿದ್ದವು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಟ್ರ್ಯಾಕ್ಟರಿನ ಸಾಲದ ಕಂತು ತುಂಬುವ ದಿನ ಸಮೀಪಿಸಿತ್ತು. ಅಣ್ಣನ ಮಗನಿಗೆ ಆಗ ಹದಿನಾರು ವರ್ಷ. ಹೊಲದಲ್ಲಿ ರಂಟೆ ಹೊಡೆಯುವುದರಲ್ಲಿ ಅವನ ಕೈ ಬಲು ನೇರ. ಗೆರೆ ಎಳೆದಂತೆ ಸಾಲು ಬೀಳುತ್ತಿತ್ತು.

“ನಾ ಹೊಡ್ಕೊಂಡು ಹೋಗ್ತೀನ್ರಿ ಕಾಕಾ, ಸುರಪುರ ಏನು ದೂರ ಅದ?” ಎಂದನು ಹುಡುಗ.

ಅಣ್ಣನು ಮಲಗಿದಲ್ಲಿಂದಲೇ, “ತಮ್ಮಾ, ನೀ ಹನ್ನೆರಡಕ್ಕ ಬಂಡಿ ಹೊಡೀತಿದ್ದಿ. ಇವಗ ಹದಿನಾರು ಆಗ್ಯಾವ. ಹೋಗ್ಲಿ ಬಿಡು” ಎಂದನು. ಅತ್ತಿಗೆ ಮಾತ್ರ ಏನೂ ಹೇಳದೆ ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಣ್ಣನ ಮಾತು ತೆಗೆದುಹಾಕುವಂಥದಲ್ಲ. ಆದರೂ ಟ್ರ್ಯಾಕ್ಟರಿನ ಸ್ವಭಾವವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಅದು ಹೊಲಕ್ಕಾಗಿ ಹುಟ್ಟಿದ ಯಂತ್ರ. ಸಾಲಿನ ಕೊನೆಯಲ್ಲಿ ಥಟ್ಟನೆ ತಿರುಗಲೆಂದು ಅದರ ಹಿಂದಿನ ಎರಡು ಗಾಲಿಗಳಿಗೆ ಬೇರೆ ಬೇರೆ ಬ್ರೇಕಿನ ಪೆಡಲುಗಳಿವೆ. ರಸ್ತೆಗೆ ಬರುವಾಗ ಅವೆರಡನ್ನೂ ಕೊಂಡಿ ಹಾಕಿ ಒಂದುಗೂಡಿಸಬೇಕು. ಮರೆತು ಒಂದನ್ನೇ ತುಳಿದರೆ ಗಾಡಿಯು ನಿಲ್ಲುವುದರ ಬದಲು ಒಂದು ಪಕ್ಕಕ್ಕೆ ಎಳೆದು ಹೊರಳುತ್ತದೆ. ಹಿಂದೆ ಕಟ್ಟಿದ ಟ್ರಾಲಿಗೆ ಎಷ್ಟೋ ಕಡೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಎಣ್ಣೆ ಉಳಿಯಲೆಂದು ಗೇರು ತಪ್ಪಿಸಿಬಿಟ್ಟರೆ ಟ್ರಾಲಿಯ ಭಾರವೇ ಎಂಜಿನನ್ನು ಮುಂದಕ್ಕೆ ನೂಕುತ್ತದೆ. ಏರಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಮೂತಿ ಮೇಲಕ್ಕೆದ್ದು ಹಿಂದಕ್ಕೆ ಮಗುಚುವುದೂ ಉಂಟು. ಜಿಗಿಯುವುದಕ್ಕೂ ಸಮಯ ಸಿಕ್ಕದು. ಕಾಲುವೆಯ ಏರಿಯ ಮೇಲೆ ಎದುರಿಗೆ ಬಸ್ಸು ಬಂದಾಗ, ಮಡ್‌ಗಾರ್ಡಿನ ಮೇಲೆ ಇಬ್ಬರು ಗೆಳೆಯರು ಕುಳಿತು ಹಾಡು ಹಚ್ಚಿರುವಾಗ, ಈ ಎಲ್ಲವನ್ನೂ ಒಂದೇ ಕ್ಷಣದಲ್ಲಿ ನೆನೆಯುವುದು ನೇರವಾದ ಸಾಲು ಹೊಡೆಯುವ ಕೈಗೆ ಸಂಬಂಧಿಸಿದ ವಿಷಯವಲ್ಲ. ಅಭಿಮನ್ಯುವಿನ ವಯಸ್ಸೂ ಹದಿನಾರೆಂದು ಹೇಳುತ್ತಾರೆ. ಅವನಿಗೆ ಶೌರ್ಯದ ಕೊರತೆಯಿರಲಿಲ್ಲ. ಒಳಹೋಗುವುದು ಬರುತ್ತಿತ್ತು, ಹೊರಬರುವುದನ್ನು ಕಲಿಸಿರಲಿಲ್ಲ.

ಇನ್ನು ಕಾನೂನಿನ ಮಾತು. ೧೯೮೮ರ ಮೋಟಾರು ವಾಹನ ಅಧಿನಿಯಮದ ೪ನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸಲು ೧೮ ವರ್ಷ ತುಂಬಿರಬೇಕು. ೫೦ ಸಿ.ಸಿ. ಮೀರದ ಮೋಟಾರು ಸೈಕಲಿಗೆ ಮಾತ್ರ ೧೬ ವರ್ಷ ಸಾಕು. ಟ್ರ್ಯಾಕ್ಟರು ರೈತನದೆಂಬ ಕಾರಣಕ್ಕೆ ವಯಸ್ಸಿನ ರಿಯಾಯಿತಿಯಿಲ್ಲ. ತನ್ನ ಹೊಲದ ಬದುವಿನೊಳಗೆ ಉಳುವ ಹುಡುಗನನ್ನು ಈ ಕಲಮು ಮುಟ್ಟುವುದಿಲ್ಲ. ಗಾಲಿಯು ಊರಿನ ರಸ್ತೆಗೆ ಹತ್ತಿದೊಡನೆ ಮುಟ್ಟುತ್ತದೆ. ೨೦೧೯ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ೧೯೯ಎ ಕಲಮು ಇನ್ನೂ ಕಠಿಣವಾದದ್ದು. ಅಪ್ರಾಪ್ತನು ಅಪರಾಧ ಮಾಡಿದರೆ ಪಾಲಕನನ್ನು ಅಥವಾ ವಾಹನದ ಒಡೆಯನನ್ನು ಹೊಣೆಗಾರನೆಂದು ಹಿಡಿಯಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಹುಡುಗನಿಗಂತೂ ೨೫ ವರ್ಷ ತುಂಬುವವರೆಗೆ ಲೈಸೆನ್ಸಿನ ಬಾಗಿಲು ಮುಚ್ಚುತ್ತದೆ. ತನಗೆ ತಿಳಿಯದೆ ನಡೆಯಿತೆಂದು, ಇಲ್ಲವೆ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ಸಿದ್ಧಪಡಿಸುವ ಭಾರ ದೊಡ್ಡವನದೇ.

ದಂಡಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ವಿಮೆಯ ಸಂಗತಿ. ವಿಮೆ ಕಟ್ಟಿದ್ದೇವೆ, ಭಯವೇನೆಂದು ನಮ್ಮವರು ತಿಳಿಯುತ್ತಾರೆ. ಲೈಸೆನ್ಸಿಲ್ಲದವನ ಕೈಗೆ ಒಡೆಯನೇ ಗಾಡಿ ಕೊಟ್ಟಿದ್ದು ಸಿದ್ಧವಾದರೆ, ಕಂಪನಿಯು ನೊಂದವರಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಒಡೆಯನಿಂದ ವಸೂಲು ಮಾಡಬಹುದು. ಸುಪ್ರೀಂ ಕೋರ್ಟು ೨೦೦೪ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿಯನ್ನು ತೋರಿಸಿದೆ. ಒಕ್ಕಲಿಗನ ಹತ್ತಿರ ವಸೂಲಿಗೆ ಸಿಕ್ಕುವುದು ಹೊಲವಲ್ಲದೆ ಮತ್ತೇನು? ಒಂದು ಖೇಪಿನ ಭತ್ತಕ್ಕಾಗಿ ಅಜ್ಜನ ಕಾಲದ ಭೂಮಿಯನ್ನೇ ಒತ್ತೆಯಿಟ್ಟಂತಾಯಿತು. ದಾರಿಯಲ್ಲಿ ಹೋಗುವ ಯಾರೋ ತಾಯಿಯ ಮಗುವನ್ನು ಯಾವ ಪರಿಹಾರವೂ ಮರಳಿ ತರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾನು ಬೇಡವೆಂದೆ. ಲೈಸೆನ್ಸುಳ್ಳ ಚಾಲಕನೊಬ್ಬನನ್ನು ಪಕ್ಕದೂರಿನಿಂದ ಕರೆಸಿದೆವು. ಅವನು ಬರುವ ಹೊತ್ತಿಗೆ ಸಂಜೆಯಾಯಿತು, ಮಳೆಯೂ ಬಂತು, ಮೇಲಿನ ಕೆಲವು ಚೀಲಗಳು ನೆನೆದವು, ದರದಲ್ಲಿ ಕಡಿತವಾಯಿತು. ಹುಡುಗನು ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಅವನ ಸಿಟ್ಟು ನ್ಯಾಯವಾದುದೆಂದೇ ನನಗೆ ತೋರಿತು. ತಂದೆಯ ಭಾರಕ್ಕೆ ಹೆಗಲು ಕೊಡಲು ಬಂದವನಿಗೆ ನಾವು “ನೀನಿನ್ನೂ ಕೂಸು” ಎಂದಿದ್ದೆವು. ಆದರೆ ಹೊಲದಲ್ಲಿ ಅವನಿಂದ ಗಂಡಾಳಿನ ದುಡಿಮೆಯನ್ನು ತೆಗೆದುಕೊಳ್ಳುತ್ತಲೇ ಇದ್ದೆವು.

ಇಲ್ಲಿಯೇ ನಮ್ಮ ವ್ಯವಸ್ಥೆಯ ಕೊರತೆಯಿದೆ. ಕಾನೂನು ಹದಿನೆಂಟರ ಗೆರೆಯನ್ನು ಎಳೆಯಿತು. ಗೆರೆಯ ಈಚೆಗೆ ನಿಂತ ಹುಡುಗನಿಗೆ ಕಲಿಸುವವರಾರೆಂದು ಹೇಳಲಿಲ್ಲ. ಬ್ರಿಟನ್ನಿನಲ್ಲಿ ೧೩ ವರ್ಷದೊಳಗಿನ ಮಕ್ಕಳು ಕೃಷಿ ಕೆಲಸಕ್ಕೆ ಟ್ರ್ಯಾಕ್ಟರು ನಡೆಸುವಂತಿಲ್ಲ. ೧೬ಕ್ಕೆ ರಸ್ತೆಯ ಮೇಲೆ ನಡೆಸಬಹುದು, ಆದರೆ ಗಾಡಿಯ ಅಗಲಕ್ಕೆ ಮಿತಿಯುಂಟು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಜರ್ಮನಿಯಲ್ಲಿಯೂ ೧೬ಕ್ಕೆ ಕೃಷಿ ವಾಹನಗಳಿಗೆಂದೇ ಬೇರೆ ಲೈಸೆನ್ಸು ಇದೆ. ಅಲ್ಲಿಯ ವಯಸ್ಸನ್ನು ಇಲ್ಲಿಗೆ ತರಬೇಕೆಂದು ನಾನು ವಾದಿಸುವುದಿಲ್ಲ. ನಮ್ಮ ರಸ್ತೆ, ನಮ್ಮ ಬ್ರೇಕಿಲ್ಲದ ಟ್ರಾಲಿ, ದೀಪವಿಲ್ಲದ ನಮ್ಮ ರಾತ್ರಿ ಬೇರೆ. ಕಲಿಸಿ, ಪರೀಕ್ಷಿಸಿ, ಅನಂತರ ಬಿಡುವ ಕ್ರಮ ಮಾತ್ರ ಎರವಲು ತರಲು ಯೋಗ್ಯವಾದದ್ದು. ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೇಸಗೆಯ ರಜೆಯಲ್ಲಿ ಹದಿನಾರು ದಾಟಿದ ಹಳ್ಳಿಯ ಹುಡುಗರನ್ನು ಬಯಲಿನಲ್ಲಿ ಕೂಡಿಸಿ, ಬ್ರೇಕಿನ ಕೊಂಡಿಯಿಂದ ಹಿಡಿದು ಟ್ರಾಲಿಯ ಹಿಂದಿನ ಕೆಂಪು ದೀಪದವರೆಗೆ ಕಲಿಸಿದರೆ, ಹದಿನೆಂಟು ತುಂಬಿದ ದಿನ ಯಾದಗಿರಿಯ ಸಾರಿಗೆ ಕಚೇರಿಗೆ ಹೋಗುವವನು ಬರಿಯ ವಯಸ್ಸನ್ನಲ್ಲ, ವಿದ್ಯೆಯನ್ನೂ ತೆಗೆದುಕೊಂಡು ಹೋದಾನು.

ಅಲ್ಲಿಯವರೆಗೆ ಆ ಪಾಠಶಾಲೆ ಮನೆಯಲ್ಲಿಯೇ ನಡೆಯಬೇಕು. ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆಯಿದೆ. ಹೊಲದಲ್ಲಿ ಹುಡುಗನದೇ ಯಜಮಾನಿಕೆ. ಬಾಡಿಗೆಯ ಚಾಲಕನು ಬಂದ ದಿನ ಅವನು ಪಕ್ಕದಲ್ಲಿ ನಿಂತು ಕೊಂಡಿ, ದೀಪ, ಗಾಲಿಯ ಗಾಳಿ ಇವನ್ನೆಲ್ಲ ತಾನೇ ಪರೀಕ್ಷಿಸಿ ಒಪ್ಪಿಸುತ್ತಾನೆ. ಹೊಲದ ದಾರಿ ಡಾಂಬರಿಗೆ ಕೂಡುವಲ್ಲಿ ಒಂದು ಬೇವಿನ ಮರವಿದೆ. ಅಲ್ಲಿಯವರೆಗೆ ಗಾಡಿಯನ್ನು ತರುವವನು ಅವನೇ, ಯಾರೂ ಹೇಳದೆ ಅಲ್ಲಿ ಇಳಿಯುವವನೂ ಅವನೇ. ಹೀಗೆ ಇಳಿಯಲು ಕಲಿತವನ ಕೈಗೆ ನಾಳೆ ರಸ್ತೆಯನ್ನು ಒಪ್ಪಿಸಲು ನನಗೆ ಅಂಜಿಕೆಯಿಲ್ಲ.