ಲಗಾಮು ಸಡಿಲಿಸುವ ಹೊತ್ತು

ಅಷ್ಟು ದೊಡ್ಡ ಮೈಯೊಳಗೆ ಅಷ್ಟೊಂದು ಅಂಜಿಕೆ ಇರುತ್ತದೆಂದು ಕುದುರೆಯ ಹತ್ತಿರ ಹೋಗದವರು ನಂಬುವುದಿಲ್ಲ. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿ, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲವೊಂದಕ್ಕೆ ಬೆಚ್ಚಿ ಪಕ್ಕಕ್ಕೆ ನೆಗೆಯುತ್ತದೆ. ಇದನ್ನು ಹೇಡಿತನವೆನ್ನಬಾರದು. ಬಯಲಲ್ಲಿ ಮೇಯುತ್ತ ಬದುಕಿದ ಕುಲ ಅದು. ಕೊಂಬಿಲ್ಲ, ಉಗುರಿಲ್ಲ, ಓಟವೇ ರಕ್ಷೆ. ಸದ್ದು ಕೇಳಿದೊಡನೆ ಓಡಿ, ಆಮೇಲೆ ತಿರುಗಿ ನೋಡಿದ ಕುದುರೆಗಳೇ ಬದುಕಿ ಉಳಿದವು.

ಇಂಥ ಪ್ರಾಣಿ ಮೈಸೂರು ದಸರೆಯಲ್ಲಿ ಲಕ್ಷಾಂತರ ಜನರ ನಡುವೆ ಹೆಜ್ಜೆ ಹಾಕುತ್ತದೆ. ವಿಜಯದಶಮಿಯಂದು 21 ಕುಶಾಲತೋಪು ಹಾರುತ್ತವೆ. ಆ ಸದ್ದಿಗೆ ಆನೆಗಳೂ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ಬೆದರಬಾರದೆಂದು ಮೊದಲೇ ಫಿರಂಗಿ ತಾಲೀಮು ನಡೆಯುತ್ತದೆ. ಹೊಸ ಕುದುರೆ ಮೊದಲ ಸದ್ದಿಗೆ ಹಿಂಗಾಲು ಕುಸಿದು, ಕತ್ತೆತ್ತಿ, ಕಣ್ಣಿನ ಬಿಳುಪು ಕಾಣುವಂತೆ ತಿರುಗುತ್ತದೆ. ಅನುಭವಿ ಸವಾರ ಬೈಯುವುದಿಲ್ಲ, ಲಗಾಮನ್ನು ಜಗ್ಗುವುದಿಲ್ಲ. ತಾನು ಸಡಿಲವಾಗಿ ಕೂತು ಕುತ್ತಿಗೆ ಸವರುತ್ತಾನೆ. ಪಕ್ಕದಲ್ಲಿ ಹಳೆಯ ಕುದುರೆ ಸುಮ್ಮನೆ ನಿಂತಿದ್ದರೆ ಹೊಸದಕ್ಕೂ ಧೈರ್ಯ ಬರುತ್ತದೆ. ಸದ್ದು ನಿಂತ ಮೇಲೂ ತನಗೇನೂ ಆಗಲಿಲ್ಲ, ಮೇಲಿದ್ದವನೂ ಗಾಬರಿಯಾಗಲಿಲ್ಲ ಎಂಬುದು ಅದರ ನೆನಪಿನಲ್ಲಿ ಕೂರುತ್ತದೆ. ನಂಬಿಕೆ ಬೆಳೆಯುವುದು ಹೀಗೆ, ಒಂದರ ಮೇಲೊಂದು ನೆನಪು ಕೂಡಿ.

ಆದರೆ ಅದರ ಬುನಾದಿ ಬೀಳುವುದು ಮೈದಾನದಲ್ಲಲ್ಲ, ಲಾಯದಲ್ಲಿ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ತುಸು ಜಾಗ ಮತ್ತು ಬಾಲದ ನೇರ ಹಿಂದೆ. ಬಲ್ಲವರು ಅದಕ್ಕೇ ಮಾತಾಡಿಸುತ್ತ ಭುಜದ ಕಡೆಯಿಂದ ಹತ್ತಿರ ಹೋಗುತ್ತಾರೆ. ಮೊದಲು ಕೈಯನ್ನು ಮೂಸಲು ಬಿಡುತ್ತಾರೆ, ಮುಟ್ಟುವುದು ಆಮೇಲೆ. ಬ್ರಷ್ಷಿನಿಂದ ಮೈ ತಿಕ್ಕುವುದು, ಗೊರಸೆತ್ತಿ ಸಿಕ್ಕಿಕೊಂಡ ಕಲ್ಲುಮಣ್ಣು ಕೆದಕುವುದು ದಿನವೂ ಆಗಬೇಕಾದ ಕೆಲಸ. ಕಾಲನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಓಡುವ ದಾರಿಯನ್ನೇ ಬಿಟ್ಟುಕೊಟ್ಟಂತೆ. ಕುದುರೆ ತಾನಾಗಿ ಕಾಲೆತ್ತಿಕೊಟ್ಟ ದಿನ, ನಿಮ್ಮನ್ನು ಒಪ್ಪಿತೆಂದು ತಿಳಿಯಿರಿ.

ಬೆಲ್ಲ, ಕ್ಯಾರೆಟ್ ಕೊಟ್ಟು ಈ ಒಪ್ಪಿಗೆ ಪಡೆಯುತ್ತೇನೆ ಎನ್ನುವವರುಂಟು. ಬರೀ ತಿಂಡಿಯಿಂದ ಕುದುರೆ ಜೇಬು ಮೂಸುವುದನ್ನು ಕಲಿಯುತ್ತದೆ. ಅದಕ್ಕೆ ಎಲ್ಲಕ್ಕಿಂತ ಹಿತವಾದ ಬಹುಮಾನ ಬಿಡುವು. ಹಿಂದಕ್ಕೆ ಸರಿ ಎಂದು ಎದೆಯ ಮೇಲೆ ಬೆರಳೊತ್ತಿ. ಮೊದಲು ಅದು ಅಲ್ಲಾಡುವುದಿಲ್ಲ. ಒತ್ತಡ ಹೆಚ್ಚಿಸಬೇಡಿ, ತೆಗೆಯಲೂ ಬೇಡಿ. ಒಂದು ಕಿವಿ ನಿಮ್ಮತ್ತ ತಿರುಗುತ್ತದೆ, ಭಾರ ಹಿಂಗಾಲಿಗೆ ಜಾರುತ್ತದೆ, ಗೊರಸು ಅರ್ಧ ಅಡಿ ಹಿಂದೆ ಬರುತ್ತದೆ. ಆ ಕ್ಷಣವೇ ಬೆರಳು ತೆಗೆಯಬೇಕು. ತುಸು ಹೊತ್ತಿಗೆ ತಲೆ ತಗ್ಗಿಸಿ ತುಟಿ ನೆಕ್ಕಿಕೊಂಡರೆ, ಬಿಗಿ ಇಳಿಯಿತೆಂದು ಪಳಗಿಸುವವರು ಎಣಿಸುತ್ತಾರೆ. ಇಡೀ ವಿದ್ಯೆ ಇರುವುದು ಇಲ್ಲಿ. ಕೇಳುವುದು ಯಾರಿಗಾದರೂ ಬರುತ್ತದೆ, ಉತ್ತರ ಸಿಕ್ಕ ಕೂಡಲೇ ಬಿಡುವುದನ್ನು ಕಲಿಯಬೇಕು. ಲಗಾಮಿಗೂ ಇದೇ ನ್ಯಾಯ. ಸೋತ ಮೇಲೂ ಜಗ್ಗುವ ಕೈಯನ್ನು ಯಾವ ಪ್ರಾಣಿ ನಂಬೀತು?

ನಮ್ಮ ಒಳಗನ್ನು ಕುದುರೆ ಎಷ್ಟು ನಿಚ್ಚಳವಾಗಿ ಓದುತ್ತದೆಂಬುದಕ್ಕೆ ಜರ್ಮನಿಯ ಹ್ಯಾನ್ಸ್ ಸಾಕ್ಷಿ. 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಈ ಕುದುರೆ ಲೆಕ್ಕ ಬಿಡಿಸುತ್ತದೆಂದು ಜನ ಮುಗಿಬಿದ್ದಿದ್ದರು. ಕೂಡಿಸು ಎಂದರೆ ಗೊರಸಿನಿಂದ ನೆಲ ಬಡಿದು ಸರಿಯುತ್ತರ ಕೊಡುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಾಗ ಹ್ಯಾನ್ಸ್ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದಾಗ ಎದುರಿನವರ ತಲೆ, ಮುಖ ಅವರಿಗೇ ತಿಳಿಯದಂತೆ ಕೊಂಚ ಅಲುಗುವುದನ್ನು ನೋಡಿ ಅದು ನಿಲ್ಲಿಸುತ್ತಿತ್ತು. ಲೆಕ್ಕಕ್ಕಿಂತ ದೊಡ್ಡ ಜಾಣತನ ಇದು. ಇಂಥ ಕಣ್ಣಿನ ಮುಂದೆ ಸಿಟ್ಟನ್ನು ಮುಚ್ಚಿಡಲಾಗದು. ಕುದುರೆಯ ಬಳಿ ಸಿಟ್ಟಿನಿಂದ ಹೋಗಬೇಡಿ ಎಂದು ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸವಾರರಿಗೆ ಬುದ್ಧಿ ಹೇಳಿದ್ದ.

ಹೊಡೆದು ಬಗ್ಗಿಸಿದ ಕುದುರೆಯೂ ಓಡುತ್ತದೆ, ನಿಜ. ಆದರೆ ಚಾವಟಿಗಿಂತ ದೊಡ್ಡ ಭಯ ಎದುರಾದ ದಿನ ಅದು ಸವಾರನನ್ನು ಕೇಳುವುದಿಲ್ಲ, ಅವನನ್ನು ಕೆಡವಿ ಓಡುತ್ತದೆ. ನಂಬಿದ ಕುದುರೆ ಅಂಥ ಹೊತ್ತಲ್ಲೇ ಕಿವಿಯನ್ನು ಹಿಂದೆ ತಿರುಗಿಸಿ ಸವಾರನಿಗಾಗಿ ಕಾಯುತ್ತದೆ.

ಸವಾರಿ ಕಲಿಯಲು ಮಕ್ಕಳನ್ನು ಕಳಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಎಷ್ಟು ದಿನಕ್ಕೆ ನಾಗಾಲೋಟ ಕಲಿಸುತ್ತೀರಿ ಎಂದು ಮೊದಲೇ ಕೇಳಬೇಡಿ. ಲಾಯಕ್ಕೆ ಹೋಗಿ ಕುದುರೆಗಳನ್ನು ನೋಡಿ. ಆಳು ಬಂದಾಗ ಅವು ಮೂಲೆಗೆ ಸರಿಯುತ್ತವೆಯೋ, ಬಾಗಿಲಿಗೆ ಬರುತ್ತವೆಯೋ? ಬಾಗಿಲಿಗೆ ಬರುವ ಲಾಯದಲ್ಲೇ ಮಗುವನ್ನು ಸೇರಿಸಿ.