ಹಳೆಯ ಲ್ಯಾಪ್‌ಟಾಪೂ ತಂದೆಯವರ ರೇಡಿಯೋವೂ

ಹಳೆಯ ಸಾಮಾನುಗಳನ್ನು ಇಟ್ಟುಕೊಳ್ಳಬೇಕೆ, ಗುಜರಿಯವನಿಗೆ ಕೊಡಬೇಕೆ ಎಂಬ ಚರ್ಚೆಯು ನಮ್ಮ ಮನೆಯಲ್ಲಿ ಪ್ರತಿವರ್ಷವೂ ಆಯುಧಪೂಜೆಗೆ ಮುಂಚೆ ತಪ್ಪದೆ ನಡೆಯುವುದು. ಅಟ್ಟದ ಮೇಲಿದ್ದ ಲ್ಯಾಪ್‌ಟಾಪೊಂದು ಈ ವಿಚಾರಣೆಯಿಂದ ಹೇಗೋ ಪಾರಾಗುತ್ತ ಬಂದಿತ್ತು. ಅದರ ಬ್ಯಾಟರಿ ಸತ್ತುಹೋಗಿತ್ತು. ಈಗಿನ ಕೆಲಸಗಳಿಗೆ ಅದರ ವೇಗವೂ ಸಾಲದು. ಅದು ಮತ್ತೆ ಕೆಳಗಿಳಿದುದು ತಂದೆಯವರ ಕೈನಡುಕದ ದೆಸೆಯಿಂದ.

ತಂದೆಯವರಿಗೆ ಶಾರ್ಟ್‌ವೇವ್ ಕೇಳುವ ಅಭ್ಯಾಸ ಬಹುಕಾಲದ್ದು. ಅವರಲ್ಲಿರುವುದು ಐಕಾಂ ಆರ್-75 ಎಂಬ ರೇಡಿಯೋ. ಅದರ ತಿರುಗುಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಕೇಂದ್ರ ಸಿಕ್ಕುವುದು. ಇನ್ನೊಂದಿಷ್ಟು ಸರಿದರೆ ತಪ್ಪುವುದು. ಎರಡು ವರ್ಷಗಳಿಂದ ಅವರ ಬೆರಳು ನಿಲ್ಲದಾಯಿತು. ಅಂಕಿಗಳನ್ನೊತ್ತೋಣವೆಂದರೆ ಅವೂ ಚಿಕ್ಕವು. ಒಂದನ್ನು ಒತ್ತಹೋದರೆ ಪಕ್ಕದ್ದೂ ಒತ್ತಿಹೋಗುವುದು. ಮೊದಮೊದಲು ನಮ್ಮನ್ನು ಕರೆಯುತ್ತಿದ್ದರು. ನಾವು ಹೋಗಿ ತಿರುಗಿಸಿ ಬರುತ್ತಿದ್ದೆವು. ನಿಜವನ್ನು ಹೇಳಬೇಕಾದರೆ, ಒಮ್ಮೊಮ್ಮೆ ಗೊಣಗಿಕೊಂಡೇ. ಕ್ರಮೇಣ ಕರೆಯುವುದು ನಿಂತಿತು. "ಈಗ ಕೇಳುವಂಥಾದ್ದು ಏನಿದೆಯಯ್ಯ?" ಎಂದು ರೇಡಿಯೋ ಮೇಲೆ ಒಂದು ವಸ್ತ್ರವನ್ನು ಹೊದಿಸಿಬಿಟ್ಟರು. ನಮ್ಮ ಗೊಣಗಾಟ ಅವರ ಕಿವಿಗೆ ಬಿದ್ದಿತ್ತೆಂಬುದು ಆಗ ಹೊಳೆಯಿತು.

ಆ ರೇಡಿಯೋದ ಬೆನ್ನಿನಲ್ಲಿ ಕಂಪ್ಯೂಟರಿಗೆ ಜೋಡಿಸಲು ಒಂಬತ್ತು ಕಡ್ಡಿಗಳ ಕಿಂಡಿಯೊಂದುಂಟು. ಹೊಸ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆ ಜೊತೆಯಾದ ಕಿಂಡಿಯನ್ನು ಕಾಣೆವು, ಅಟ್ಟದ ಮುದುಕನಲ್ಲಿತ್ತು! ತಂತಿಯೊಂದನ್ನು ತಂದು ಎರಡನ್ನೂ ಜೋಡಿಸಿದೆವು. ಇವುಗಳ ಸಂಭಾಷಣೆಯ ಕ್ರಮವೂ ಸ್ವಾರಸ್ಯವಾದುದು. ಕಂಪನಾಂಕವನ್ನು ಎರಡೆರಡು ಅಂಕಿಗಳಾಗಿ ಒಡೆದು, ಕೊನೆಯ ಜೋಡಿಯನ್ನು ಮೊದಲು ಕಳುಹಿಸಬೇಕು. 9,580 ಕಿಲೋಹರ್ಟ್ಸ್ ಎಂಬುದನ್ನು ಹರ್ಟ್ಸ್ ಲೆಕ್ಕದಲ್ಲಿ 00 09 58 00 00 ಎಂದು ಬರೆದರೆ, ಕಳುಹಿಸತಕ್ಕದ್ದು 00 00 58 09 00. ನಾವು ಮೊದಲ ರಾತ್ರಿ ನೆಟ್ಟಗೆ ಬರೆದಂತೆಯೇ ಕಳುಹಿಸಿದೆವು. ರೇಡಿಯೋ ವಿಧೇಯವಾಗಿ 580.9ಕ್ಕೆ, ಎಂದರೆ ಮೀಡಿಯಂವೇವಿಗೆ, ಹೋಗಿ ಕುಳಿತಿತು. ತಪ್ಪು ಅದರದಲ್ಲ.

ನಿಜವಾದ ಕಷ್ಟ ಬಂದುದು ಆಮೇಲೆ. ಬ್ಯಾಟರಿ ಇಲ್ಲದುದರಿಂದ ಲ್ಯಾಪ್‌ಟಾಪಿಗೆ ಅಡಾಪ್ಟರು ಬೇಕೇ ಬೇಕು. ಅಡಾಪ್ಟರು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸಿ ತಗ್ಗಿಸುವುದು. ಆ ಕಡಿತವೇ ರೇಡಿಯೋದಲ್ಲಿ ಜೇನುಗೂಡು ಕೆದಕಿದಂತಹ ಸದ್ದಾಗಿ ಕೇಳುವುದು. ಪ್ಲಗ್ಗು ಕಿತ್ತರೆ ಕೇಂದ್ರ ಬರುವುದು, ಲ್ಯಾಪ್‌ಟಾಪು ಹೋಗುವುದು. ಮೂರು ಭಾನುವಾರಗಳು ಇದರಲ್ಲೇ ಕಳೆದುವು. ಕೊನೆಗೆ ಏರಿಯಲ್ ತಂತಿಯನ್ನು ಕಿಟಕಿಯಿಂದ ಬಿಡಿಸಿ ಹಿತ್ತಲಿನ ತುದಿಯ ಸೀಬೆಮರಕ್ಕೆ ಕಟ್ಟಿ, ಅಲ್ಲಿಂದ ಒಳಕ್ಕೆ ಟಿ.ವಿ. ಕೇಬಲಿನಂತಹ ಲೋಹಕವಚದ ತಂತಿಯನ್ನು ಎಳೆದೆವು. ಅಡಾಪ್ಟರಿನ ತಂತಿಯನ್ನು ಫೆರೈಟ್ ಬಳೆಯೊಳಗೆ ಏಳೆಂಟು ಸುತ್ತು ಸುತ್ತಿದೆವು. ಸದ್ದು ಪೂರ್ತಿ ಹೋಗಲಿಲ್ಲ. ಮಾತು ಮಾತ್ರ ತಿಳಿಯುವಂತಾಯಿತು.

ಇನ್ನು ಕೀಲಿಗಳು. ಎಂಟನ್ನು ಉಳಿಸಿ, ಸುತ್ತಲಿನವನ್ನೆಲ್ಲ ಕಿತ್ತುಹಾಕಿದೆವು. ಒಂದು ಕೀಲಿಗೆ ಒಂದು ಕೇಂದ್ರ. ಕೈ ನಡುಗಿ ಅದನ್ನೇ ನಾಲ್ಕು ಸಲ ಒತ್ತಿದರೂ ಬಾಧಕವಿಲ್ಲ. ಹಗಲು ಹೆಚ್ಚಿನ ಕಂಪನಾಂಕಗಳೂ ರಾತ್ರಿ ಕಡಮೆಯವೂ ದೂರದಿಂದ ಚೆನ್ನಾಗಿ ಬರುವುವಾದುದರಿಂದ ಹಗಲಿನವು ಎಡಕ್ಕೆ, ರಾತ್ರಿಯವು ಬಲಕ್ಕೆ. ಗೋಡೆಯ ಗಡಿಯಾರವನ್ನು ಸರಿಪಡಿಸಲು ಚೀನಾದ ಸಮಯಸೂಚಕ ಕೇಂದ್ರ, 10,000. ಅವರು ಸ್ವತಃ ಕೇಳಿ ಹಾಕಿಸಿಕೊಂಡುದು 9,580. ಅದು ರೇಡಿಯೋ ಆಸ್ಟ್ರೇಲಿಯಾ. ಕೂಕಬರ್ರಾ ಹಕ್ಕಿಯ ನಗುವಿನ ದನಿಯಿಂದ ಅವರು ಗುರುತಿಸುತ್ತಿದ್ದ ಕೇಂದ್ರ. 1939ರಲ್ಲಿ ಹುಟ್ಟಿದ ಅದರ ಶಾರ್ಟ್‌ವೇವ್ ಪ್ರಸಾರ 2017ರ ಜನವರಿ 31ರಂದು ನಿಂತುಹೋಯಿತು.

"ಅಪ್ಪ, ಅದು ಈಗ ಇಲ್ಲವಲ್ಲ?" ಎಂದೆವು.

"ಗೊತ್ತು. ಇರಲಿ ಬಿಡು" ಎಂದರು.

ಮೊನ್ನೆ ರಾತ್ರಿ ಮೂರರ ಸುಮಾರಿಗೆ ಎಚ್ಚರವಾಯಿತು. ಅವರ ಕೋಣೆಯಲ್ಲಿ ದೀಪವಿರಲಿಲ್ಲ, ಲ್ಯಾಪ್‌ಟಾಪಿನ ಬೆಳಕಿತ್ತು. ಯಾವುದೋ ಪರಭಾಷೆಯ ಹಾಡು ಏರುತ್ತ ಇಳಿಯುತ್ತ ಕೇಳಿಬರುತ್ತಿತ್ತು. ನಾವು ಒಳಕ್ಕೆ ಹೋಗಲಿಲ್ಲ. ಬೆಳಗ್ಗೆ ಕಾಫಿಯ ಹೊತ್ತಿಗೆ ತಾವಾಗಿಯೇ ಕರೆದು, "ಬಲಗಡೆ ಎರಡನೆಯ ಕೀಲಿ ಸ್ವಲ್ಪ ಬಿಗಿ ಕಣಯ್ಯ, ಬಿಡುವಾದಾಗ ನೋಡು" ಎಂದರು.