ಹತ್ತಡಿ ಕೋಣೆಯಲ್ಲಿ ಬೈಠಕ್ಕು

ಪುಣೆಯಲ್ಲಿ ನಮಗೆ ದೊರೆತಿರುವ ಸರ್ಕಾರಿ ಕ್ವಾರ್ಟರ್ಸಿನ ಹೊರಕೋಣೆ 10 ಅಡಿ ಉದ್ದ, 10 ಅಡಿ ಅಗಲ. ಇಷ್ಟರಲ್ಲಿ ಒಂದು ದಿವಾನ, ಟೀವಿ, ಮಗಳ ಓದುವ ಮೇಜು, ಬಂದವರಿಗೆಂದು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಎಲ್ಲವೂ ಹಿಡಿಸಿವೆ. ಇವೆಲ್ಲವುಗಳ ನಡುವೆ ಒಂದು ಸಂಗೀತ ಸಭೆಯನ್ನೂ ಕೂಡಿಸಬೇಕೆಂಬ ಹುಚ್ಚು ನಮಗೆ ಹಿಡಿದದ್ದು ಅವ್ವನ ಟ್ರಂಕಿನಿಂದ.

ಅಪ್ಪ ತೀರಿಕೊಂಡದ್ದು 2018ರಲ್ಲಿ. ಮರುವರ್ಷ ಅವ್ವ ಧಾರವಾಡದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಳು. ಅವಳ ಟ್ರಂಕಿನಲ್ಲಿ ಎರಡು ಕೌದಿ, ಕೆಲವು ಹಿತ್ತಾಳೆ ಪಾತ್ರೆ, ಮತ್ತು 11 ಕ್ಯಾಸೆಟ್ಟು. ಒಂದರ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ 'ಗಣೇಶ ಚೌತಿ, 1991' ಎಂದಿತ್ತು. ನಮ್ಮ ಓಣಿಯ ಗಣಪತಿಯ ಮುಂದೆ ಊರಿನವರೇ ಒಬ್ಬರು ಹಾಡಿದ ಕಚೇರಿ ಅದು. ಬಂಧುಗಳೊಬ್ಬರ ಟೂ-ಇನ್-ವನ್ನನ್ನು ವೇದಿಕೆಯ ಅಂಚಿಗೆ ಇಟ್ಟು ಧ್ವನಿಮುದ್ರಿಸಿದ್ದರು. ಅದರಲ್ಲೇ ಎಡಕ್ಕೊಂದು ಬಲಕ್ಕೊಂದು ಮೈಕು ಅಡಗಿದ್ದವು. ಕ್ಯಾಸೆಟ್ಟು ಮುಗಿದಾಗ ಮಗ್ಗುಲು ಬದಲಿಸುವ ಜವಾಬ್ದಾರಿ 12 ವರ್ಷದ ನಮ್ಮದಾಗಿತ್ತು. ದ್ರುತ್ ಏರುವ ಹೊತ್ತಿಗೆ ಅದರಲ್ಲಿ ಬೀಳುವ ಖಂಡ ನಮ್ಮದೇ ಕೈವಾಡ.

ಆ ಕ್ಯಾಸೆಟ್ಟನ್ನು ಅವ್ವನಿಗೆ ಮೊದಲು ಕೇಳಿಸಿದ್ದು ಪಕ್ಕದ ಮನೆಯವರ ಅಂಗೈಯಗಲದ ಟೇಪ್ ರೆಕಾರ್ಡರಿನಲ್ಲಿ. ಐದು ನಿಮಿಷ ಕೇಳಿ, "ಡಬ್ಬ್ಯಾಗ ಕೂತು ಹಾಡಿಧಂಗ ಆಗೇದ. ಇರಲಿ ಬಿಡಪಾ" ಎಂದು ಟ್ರಂಕು ಮುಚ್ಚಿದಳು. ಆಮೇಲೆ ಒಂದು ವರ್ಷ ಆ ಸುದ್ದಿಯನ್ನೇ ಎತ್ತಲಿಲ್ಲ. ಆ 'ಇರಲಿ ಬಿಡಪಾ' ನಮ್ಮನ್ನು ಆಫೀಸಿನ ಕಡತಗಳ ನಡುವೆಯೂ ಕೊರೆಯತೊಡಗಿತು.

ದೀಪಾವಳಿಗೆ ಬಂದ ಬೋನಸ್ಸು 6,908 ರೂಪಾಯಿ. ನಮ್ಮಂಥ ಗುಮಾಸ್ತರಿಗೆ ಈ ಅಂಕಿ ಬಾಯಿಪಾಠ. ಅದರಲ್ಲಿ ಮಿಕ್ಸರ್ ಬರುತ್ತದೆಂದು ನಮ್ಮ ಮನೆಯವರು ನಂಬಿದ್ದರು. ನಾವು ಭಾನುವಾರ ಜೂನಾ ಬಜಾರಿಗೆ ಹೋಗಿ ಹಳೆಯ ಸ್ಟೀರಿಯೋ ಆಂಪ್ಲಿಫಯರ್, ಕ್ಯಾಸೆಟ್ ಡೆಕ್ಕು ಮತ್ತು ಮರದ ಎರಡು ಸ್ಪೀಕರ್ ಪೆಟ್ಟಿಗೆಗಳೊಂದಿಗೆ ರಿಕ್ಷಾದಿಂದ ಇಳಿದೆವು. ಮಿಕ್ಸರ್ ಇನ್ನೂ ಬಂದಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುವುದು ಕ್ಷೇಮ.

ಜಾಗವಿಲ್ಲವೆಂದು ಪೆಟ್ಟಿಗೆಗಳನ್ನು ಎರಡು ಮೂಲೆಯ ಕಪಾಟುಗಳ ನೆತ್ತಿಯ ಮೇಲೆ ಕೂಡಿಸಿದೆವು. ಡಗ್ಗಾದ ಪ್ರತಿ ಪೆಟ್ಟಿಗೂ ಕೋಣೆ ಢಂ ಎಂದು ಗುಂಯ್‌ಗುಟ್ಟತೊಡಗಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಬಿ.ಎಸ್‌ಸಿ. ಇಪ್ಪತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. 10 ಅಡಿ ಎಂದರೆ 3.05 ಮೀಟರು. ಎದುರುಬದುರು ಗೋಡೆಗಳ ನಡುವೆ ಹೋಗಿ ಬರುವ ಅಲೆ 56 ಹರ್ಟ್ಸ್ ಸುಮಾರಿನಲ್ಲಿ ತನಗೆ ತಾನೇ ಕೂಡಿಕೊಂಡು ಉಬ್ಬುತ್ತದೆ. ಕೋಣೆ ಚೌಕವಾಗಿದ್ದರೆ ಉದ್ದಕ್ಕೂ ಅಗಲಕ್ಕೂ ಅದೇ ಸ್ವರ, ಉಬ್ಬರ ಇಮ್ಮಡಿ. ಮೂಲೆಯಲ್ಲಿಟ್ಟ ಪೆಟ್ಟಿಗೆ ಈ ಉಬ್ಬರಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಕೋಣೆಯನ್ನು ಬದಲಿಸುವ ಅಧಿಕಾರ ನಮಗಿಲ್ಲ, ಪೆಟ್ಟಿಗೆಯನ್ನು ಬದಲಿಸಬಹುದು.

ಕೆಳಗಿಳಿಸಿ, ತಂತಿ ಮತ್ತೆ ಜೋಡಿಸಿ ಹಾಕಿದರೆ, ಏನು ಚಮತ್ಕಾರ! ಹಾಡು ಪೆಟ್ಟಿಗೆಗಳಿಂದ ಬಿಟ್ಟೆದ್ದು ಕೋಣೆಯ ತುಂಬ ಹರಡಿಕೊಂಡಿತು. ಗಾಯಕರು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಎಲ್ಲೆಲ್ಲೂ ಇದ್ದರು. ಮೂರು ವಾರ ನಾವು ಸೆಕ್ಷನ್ನಿನ ಮಿತ್ರರನ್ನೆಲ್ಲ ಕರೆದು ಚಹಾ ಕೊಟ್ಟು ಈ ವೈಶಾಲ್ಯವನ್ನು ಕೇಳಿಸಿದೆವು. ಅವರೂ ಚಹಾದ ಋಣಕ್ಕೆ ತಲೆದೂಗಿದರು. ಅವ್ವ ಮಾತ್ರ ಒಂದು ಸಂಜೆ ಅಡಿಗೆಮನೆಯಿಂದಲೇ ಕೇಳಿದಳು: "ಯಾಕಪಾ, ಡಗ್ಗಾ ಬಾರ್ಸಾಂವ ಎದ್ದು ಹೋದನೇನು?"

ನೋಡಿದರೆ ಒಂದು ಪೆಟ್ಟಿಗೆಗೆ ಕೆಂಪು ತಂತಿಯ ಜಾಗಕ್ಕೆ ಕಪ್ಪು ತಂತಿ ಹೋಗಿತ್ತು. ಒಂದು ಪೆಟ್ಟಿಗೆಯ ಪರದೆ ಮುಂದೆ ನೂಕುವಾಗ ಇನ್ನೊಂದರದು ಹಿಂದೆ ಎಳೆಯುತ್ತಿತ್ತು. ಮಂದ್ರದ ಉದ್ದನೆಯ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತಿದ್ದವು. ನಡುವೆ ನಿಲ್ಲಬೇಕಾದ ಕಂಠ ನೆಲೆಯಿಲ್ಲದೆ ತೇಲುತ್ತಿತ್ತು. ನಾವು ಕೊಚ್ಚಿಕೊಂಡ ವೈಶಾಲ್ಯ ತಂತಿಯ ತಪ್ಪಾಗಿತ್ತು. ಮಿತ್ರರಿಗೆ ಈ ಸಂಗತಿಯನ್ನು ಇಲ್ಲಿಯವರೆಗೆ ತಿಳಿಸಿರಲಿಲ್ಲ. ಸಂಘದ ಪತ್ರಿಕೆ ಅವರ ಮನೆಗೂ ಹೋಗುತ್ತದೆ, ಕ್ಷಮಿಸಬೇಕು.

ತಂತಿ ಸರಿಯಾಯಿತು. ಹಾಡು ಮತ್ತೆ ಎರಡು ಪೆಟ್ಟಿಗೆಗಳೊಳಕ್ಕೆ ಹೊಕ್ಕು ಕುಳಿತಿತು! ಈಗ ನಾವು ಓದಲು ಕುಳಿತೆವು. ಸ್ಟೀರಿಯೋದ ಮೂಲಪುರುಷರಲ್ಲಿ ಅಲನ್ ಬ್ಲಮ್ಲೈನ್ ಎಂಬ ಇಂಗ್ಲಿಷ್ ಎಂಜಿನಿಯರರದು ದೊಡ್ಡ ಹೆಸರು. ಸಿನಿಮಾದಲ್ಲಿ ನಟ ಪರದೆಯ ಒಂದು ಅಂಚಿನಲ್ಲಿದ್ದರೂ ಮಾತು ಬೇರೆಲ್ಲಿಂದಲೋ ಬರುವುದನ್ನು ಕಂಡು, ಇದಕ್ಕೊಂದು ದಾರಿ ಇದೆ ಎಂದು ಹೆಂಡತಿಗೆ ಹೇಳಿದರೆಂದು ಪ್ರತೀತಿ. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಎಲ್ಲ ಗುಟ್ಟೂ ನಮ್ಮ ಎರಡು ಕಿವಿಗಳ ನಡುವಿನ ಗೇಣಗಲದಲ್ಲಿದೆ. ಬಲದಿಂದ ಬಂದ ಸದ್ದು ಬಲಗಿವಿಗೆ ತುಸು ಮೊದಲು, ಎಡಗಿವಿಗೆ ತುಸು ಆಮೇಲೆ ತಲುಪುತ್ತದೆ. ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಮಿದುಳು ಇವರು ಇಲ್ಲಿ, ಅವರು ಅಲ್ಲಿ ಎಂದು ಪಂಕ್ತಿ ಕೂಡಿಸಿಬಿಡುತ್ತದೆ. ಗೋಡೆಗೆ ಬಡಿದು ಹಿಂದೆಯೇ ನುಗ್ಗಿ ಬರುವ ಸದ್ದು ಈ ಸೂಕ್ಷ್ಮ ಲೆಕ್ಕವನ್ನು ಕಲಸುತ್ತದೆ. ಹಾಗಾದರೆ ನಾವು ಹೋರಾಡಬೇಕಾದದ್ದು ಗೋಡೆಯೊಂದಿಗೆ.

ಪೆಟ್ಟಿಗೆಗಳನ್ನು ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ತಂದು, ಕೂತವರ ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟೆವು. ಒಂದಕ್ಕೊಂದು 6 ಅಡಿ ದೂರ, ಕೇಳುವವರ ಕುರ್ಚಿಗೂ ಎರಡರಿಂದಲೂ 6 ಅಡಿ. ಸಮಬಾಹು ತ್ರಿಕೋನ. ಮುಖ ತುಸು ಒಳಕ್ಕೆ, ಕುರ್ಚಿಯ ಕಡೆಗೆ. ಕುರ್ಚಿಯ ಹಿಂದೆ ಎರಡಡಿಗಿಂತ ತುಸು ಹೆಚ್ಚು ಜಾಗ ಉಳಿಯಿತು. ದಿವಾನ ಒಳಕೋಣೆಗೆ ಹೋಯಿತು. ನಮ್ಮ ಮನೆಯವರು ಸೊಂಟದ ಮೇಲೆ ಕೈಯಿಟ್ಟು, "ಇನ್ನ ಮ್ಯಾಲೆ ಅಡಿಗೆಮನಿಗೆ ಹೋಗಬೇಕಾದ್ರ ಕಿಡಿಕ್ಯಾಗಿಂದ ಇಳೀಬೇಕೇನ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ಒಪ್ಪಂದವಾಯಿತು: ಈ ವ್ಯವಸ್ಥೆ ಭಾನುವಾರ ಸಂಜೆಗೆ ಮಾತ್ರ. ಸ್ಟೂಲಿನ ಕಾಲುಗಳಿಗೆ ನೆಲದ ಮೇಲೆ ಅವರೇ ರಂಗೋಲಿಯ ಚುಕ್ಕೆ ಇಟ್ಟುಕೊಟ್ಟರು.

ಪಕ್ಕದ ಗೋಡೆಗಳಿಗೆ ಮಗಳ ಸಹಾಯ ಬೇಕಾಯಿತು. ನಾವು ಕುರ್ಚಿಯಲ್ಲಿ ಕೂತೆವು. ಅವಳು ಕನ್ನಡಿಯನ್ನು ಗೋಡೆಗುಂಟ ಸರಿಸುತ್ತ ಹೋದಳು. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೆಯೋ ಅಲ್ಲಿಂದಲೇ ಅದರ ಸದ್ದೂ ಪುಟಿದು ಬರುತ್ತದೆ. ಬೆಳಕಿಗೂ ಶಬ್ದಕ್ಕೂ ಅದೇ ನಿಯಮ. ಆ ಎರಡು ಜಾಗಗಳಲ್ಲಿ ಅವ್ವನ ಎರಡು ಕೌದಿಗಳನ್ನು ಮಡಿಚಿ ದಪ್ಪ ಮಾಡಿ ತೂಗುಹಾಕಿದೆವು. ಕೌದಿ ಮೇಲಿನ ಕರ್ಕಶವನ್ನು ನುಂಗುತ್ತದೆಯೇ ಹೊರತು ಢಂ ಢಂ ಅದಕ್ಕೆ ಬಗ್ಗುವುದಿಲ್ಲ. ಆದರೂ ಆ ಸಂಜೆ ಪೆಟ್ಟಿಗೆಗಳು ಇದ್ದೂ ಇಲ್ಲದಂತಾಗಿ, ಅವುಗಳ ನಡುವಣ ಬರಿದಾದ ಗೋಡೆಯಲ್ಲಿ ಗಾಯಕರು ಬಂದು ಕುಳಿತರು. ಎಡಕ್ಕೆ ತಬಲಾ, ಬಲಕ್ಕೆ ಪೇಟಿ. ಕುರ್ಚಿಯಿಂದ ಒಂದು ಮೊಳ ಅತ್ತಿತ್ತ ಸರಿದರೆ ಎಲ್ಲ ಚೆದುರುತ್ತದೆ. ಈ ಸಭೆಯಲ್ಲಿ ಆಸನ ಒಂದೇ.

ಆದರೆ ಇದೆಲ್ಲವೂ ನಮ್ಮೆದುರಿಗೇ ನಡೆಯುತ್ತಿತ್ತು. ಮಂಟಪದಲ್ಲಿ ಕೂತು ಕೇಳಿದವರಿಗೆ ಇದು ಸಾಲದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಇದೇ ಪುಣೆಯಲ್ಲಿ ಆರಂಭಿಸಿದ ಮಹೋತ್ಸವಕ್ಕೆ ಹೋದವರು ಬಲ್ಲರು: ಹಾಡು ಮುಂದಿರುತ್ತದೆ, ಜನ ಸುತ್ತಲೂ ಇರುತ್ತಾರೆ. ಹಿಂದಿನಿಂದ ಬರುವ ಒಂದು 'ವಾಹ್ವಾ' ಇಲ್ಲದಿದ್ದರೆ ಕಚೇರಿಯಲ್ಲ.

ಅದಕ್ಕೂ ಒಂದು ಅಗ್ಗದ ಉಪಾಯವಿದೆ. ಅಮೆರಿಕದ ಡೇವಿಡ್ ಹಾಫ್ಲರ್ ಅವರ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಮೂರನೆಯ ಸ್ಪೀಕರೊಂದನ್ನು ಆಂಪ್ಲಿಫಯರಿನ ಎಡದ ಕೆಂಪು ತುದಿ, ಬಲದ ಕೆಂಪು ತುದಿ ಇವೆರಡರ ನಡುವೆ ಮಾತ್ರ ಜೋಡಿಸಬೇಕು. ಕಪ್ಪಿನ ಗೊಡವೆ ಬೇಡ. ಆಗ ಎರಡರಲ್ಲೂ ಸಮನಾಗಿರುವುದು, ಅಂದರೆ ನಡುವಿನ ಕಂಠ, ಅದರಲ್ಲಿ ಕಳೆದುಹೋಗಿ, ಎರಡರ ನಡುವಿನ ವ್ಯತ್ಯಾಸವಷ್ಟೇ ಕೇಳುತ್ತದೆ. ಮಂಟಪದ ಪ್ರತಿಧ್ವನಿ, ಚಪ್ಪಾಳೆ, ಕೆಮ್ಮು, ಪಿಸುಮಾತು. (ಎಲ್ಲ ಆಂಪ್ಲಿಫಯರುಗಳಿಗೂ ಇದು ಸಲ್ಲದು. ಕೆಲವು ಸುಟ್ಟುಹೋಗುತ್ತವೆ. ಎರಡು ಕಪ್ಪು ತುದಿಗಳೂ ಒಳಗೆ ಒಂದೇ ಕಡೆ ಕೂಡಿರಬೇಕು. ತಿಳಿದವರಿಗೆ ತೋರಿಸಿ ಮುಂದುವರಿಯಿರಿ.)

ಸಣ್ಣದೊಂದು ಪೆಟ್ಟಿಗೆ ತಂದು ಕುರ್ಚಿಯ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟೆವು, ಸದ್ದು ನೇರವಾಗಿ ಬೆನ್ನಿಗೆ ಹೊಡೆಯದೆ ಗೋಡೆಗೆ ತಾಗಿ ತುಸು ತಡವಾಗಿ ಬರಲೆಂದು. ಕ್ಯಾಸೆಟ್ಟಿನ 'ಸುಸ್' ಎಂಬ ಸದ್ದು ಎರಡು ಕಡೆಯೂ ಬೇರೆ ಬೇರೆಯಾಗಿರುವುದರಿಂದ ಅದು ಹಿಂದೆ ಇನ್ನೂ ಜೋರಾಯಿತು. ಪೆಟ್ಟಿಗೆಗೆ ಟವೆಲ್ಲು ಹೊದಿಸಿದೆವು.

ಆ ಭಾನುವಾರ ಅವ್ವನನ್ನು ಕರೆದು ಕೂಡಿಸಿದೆವು. ಅವಳು ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಬಿಡಿಸುತ್ತಿದ್ದ ಅವರೆಯ ಪರಾತವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ಆಲಾಪ ಆರಂಭವಾಯಿತು. ಕಂಠ ಹಿಂದಿನಿಂದ ಪೂರ್ತಿ ಮಾಯವಾಗಲಿಲ್ಲ, ದೂರ ಸರಿಯಿತು. ಆ ತೆರವಿನಲ್ಲಿ ಮೆಲ್ಲಗೆ ನಮ್ಮ ಓಣಿ ತುಂಬಿಕೊಂಡಿತು. ಯಾರದೋ ಬಳೆ, ಒಂದು ಕೂಸಿನ ಅಳು, ಬಾಗಿಲ ಕೀರಲು. ಅವ್ವನ ಕೈ ಅವರೆಯ ಮೇಲೆ ನಿಂತಿತ್ತು. ಗಾಯಕರು ಸಮ್ಮಿಗೆ ಬರುವಷ್ಟರಲ್ಲಿ ಹಿಂದೆ ಒಂದು ಸೀನು. ಅದರ ಬೆನ್ನಿಗೇ ಇನ್ನೊಂದು, ಮತ್ತೂ ಒಂದು.

ಅವ್ವ ಗಕ್ಕನೆ ಕುತ್ತಿಗೆ ಹೊರಳಿಸಿ ಹಿಂದೆ ನೋಡಿದಳು.

"ಅವರ ಸೀನು ಅದು," ಎಂದಳು. "ನಶೇದ ಡಬ್ಬಿ ತಗದಾರ. ಗವಾಯಿಗಳು ಹಾಡೂಮುಂದ ಬ್ಯಾಡ್ರಿ ಅಂತ ಎಷ್ಟು ಸರತೆ ಹೇಳಿದ್ದೆ!"

ನಾವು ಯಾರೂ ಮಾತಾಡಲಿಲ್ಲ. ಆ ರಾತ್ರಿ ಅಪ್ಪನ ಪಕ್ಕದಲ್ಲಿ ಯಾರು ಕೂತಿದ್ದರು, ಹೆಂಗಸರ ಜಮಖಾನೆ ಎಲ್ಲಿತ್ತು, ಪ್ರಸಾದ ಯಾರ ಮನೆಯದು, ಎಲ್ಲವನ್ನೂ ಅವ್ವ ಮೊಮ್ಮಗಳಿಗೆ ಹೇಳತೊಡಗಿದಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದು ಅಂದೇ. ಅರ್ಧ ತಾಸಿನ ಮೇಲೆ, "ಹಿಂದಕ್ಕ ಹಾಕು, ಸೀನಿನ ತನಕ" ಎಂದಳು.

ಕ್ಯಾಸೆಟ್ಟಿನ ಪಟ್ಟಿ ಸವೆದೀತೆಂಬ ಭಯದಿಂದ ಮಗಳು ಅದನ್ನು ಕಂಪ್ಯೂಟರಿಗೆ ಇಳಿಸಿದ್ದಾಳೆ, ಎಡಬಲ ಬೇರೆ ಬೇರೆಯಾಗಿಯೇ. ಎರಡನ್ನೂ ಬೆರೆಸಿ ಒಂದೇ ಮಾಡಿದರೆ ಹಿಂದಿನ ಪೆಟ್ಟಿಗೆಯಲ್ಲಿ ಉಳಿಯುವುದು ಸೊನ್ನೆ. ಕೌದಿಗಳು ಗೋಡೆಯ ಮೇಲೆಯೇ ಇವೆ. ಡಿಸೆಂಬರಿನ ಚಳಿ ಶುರುವಾಗಿದೆ. ಮೊನ್ನೆ ಒಂದನ್ನು ಇಳಿಸಿ ಅವ್ವನಿಗೆ ಹೊದಿಸಲು ಹೋದರೆ, "ಅದು ಅಲ್ಲೇ ಇರಲಿ, ನನಗೊಂದು ರಗ್ಗು ತಾ" ಎಂದಳು.